ಒಂಬತ್ತನೇ ನಂಬರ್ ಬಸ್ಸಿನ ಕಿನಕ್ಕ

ಅಂಟು ಹೆಚ್ಚಾಗಿಹೋಯಿತು. ಕಾಗದದ ಅಂಚಿನಿಂದ ಬಿಳಿಯ ಅಂಟು ಇಳಿದು ಝೋರಾಳ ಕೈಗವಸಿಗೆ ಮೆತ್ತಿಕೊಂಡಿತು. ಬಸ್ ತಂಗುದಾಣದ ಗಾಜಿಗೆ ಅಮ್ಮನ ಸಾವಿನ ಚೀಟಿಯನ್ನು ಎರಡೂ ಅಂಗೈಯಿಂದ ಒತ್ತಿ ಹಿಡಿದು ಅವಳು ನಿಂತಿದ್ದಳು. ಫೆಬ್ರವರಿಯ ಚಳಿಗೆ ಅಂಟು ಬೇಗ ಹಿಡಿಯುತ್ತಿರಲಿಲ್ಲ. ಕೈ ಬಿಟ್ಟರೆ ಅಮ್ಮ ಮೂಲೆಯಿಂದ ಸುರುಳಿ ಸುತ್ತಿಕೊಳ್ಳುತ್ತಿದ್ದಳು.

ನಮ್ಮೂರಿನಲ್ಲಿ ಪತ್ರಿಕೆಯಲ್ಲಿ ಬಂದರೂ ಒಬ್ಬ ಸತ್ತ ಹಾಗಲ್ಲ. ಫೋಟೊ ಹಾಕಿದ ಚೀಟಿ ಮನೆ ಬಾಗಿಲಿಗೆ, ಬ್ರೆಡ್ ಅಂಗಡಿಗೆ, ಬಸ್ ನಿಲ್ದಾಣಕ್ಕೆ ಅಂಟಬೇಕು. ಆಗಲೇ ಜನ ಟೋಪಿ ತೆಗೆಯುವುದು. ಕಿನಾ ದೋಬ್ರೆವಾ, ಎಪ್ಪತ್ತೊಂದು ವರ್ಷ, ನಿವೃತ್ತ ಬಸ್ ಕಂಡಕ್ಟರ್. ಫೋಟೊದಲ್ಲಿ ಡಿಪೋದ ನೀಲಿ ಕೋಟು ಹಾಕಿಕೊಂಡು, ಯಾರನ್ನೋ ಒಳಗೆ ಸರಿಯಿರಿ ಎಂದು ಗದರುವ ಮುಖದಲ್ಲಿ ಕೂತಿದ್ದಳು.

ಅದೇ ಗಾಜಿನ ಮೇಲೆ ಪಕ್ಕದಲ್ಲಿ ಇನ್ನೊಂದು ಕಾಗದ ಇತ್ತು. ‘ಸೆಪ್ಟೆಂಬರ್ ಹದಿನೈದರಿಂದ ಒಂಬತ್ತನೇ ನಂಬರ್ ಬಸ್ ಸಂಚಾರ ಇರುವುದಿಲ್ಲ. ಹತ್ತಿರದ ನಿಲ್ದಾಣ ಕೆಳಗಿನ ಮುಖ್ಯರಸ್ತೆಯಲ್ಲಿ, ನಡಿಗೆಗೆ ಮುನ್ನೂರ ಎಂಬತ್ತು ಮೀಟರ್.’ ಆ ಎರಡು ವಾಕ್ಯಗಳನ್ನು ಝೋರಾ ಓದಲಿಲ್ಲ. ಓದುವ ಅಗತ್ಯವಿರಲಿಲ್ಲ, ಬರೆದವಳೇ ಅವಳು.

"ಅದ್ರ ಪಕ್ಕ ಯಾಕೆ ಅಂಟಿಸ್ತೀಯಾ? ಮೇಲೇ ಅಂಟಿಸು ಕಣೇ. ಆ ದರಿದ್ರ ಕಾಗದ ಮುಚ್ಚಿಹೋಗ್ಲಿ."

ಎದುರುಮನೆಯ ವೆಲಿಚ್ಕಾ ಕೋಲೂರಿಕೊಂಡು ಬಂದು ನಿಂತಿದ್ದಳು. ಎಪ್ಪತ್ತಾರು ವರ್ಷ, ಎರಡೂ ಮಂಡಿ ಹೋಗಿವೆ, ನಾಲಿಗೆ ಮಾತ್ರ ಹೊಸದರಂತಿದೆ.

"ಮುನ್ನೂರ ಎಂಬತ್ತು ಮೀಟ್ರಂತೆ! ನೂರಾ ಹನ್ನೆರಡು ಮೆಟ್ಲು ಅಂತ ಬರೆಯಕ್ಕೆ ಕೈ ಬರ್ಲಿಲ್ವಂತಾ? ಬರೆದ ಪುಣ್ಯಾತ್ಮ ಒಂದ್ಸಲ ನನ್ನ ಮಂಡಿ ಹಾಕ್ಕೊಂಡು ಇಳೀಲಿ, ಗೊತ್ತಾಗತ್ತೆ."

ಝೋರಾ ಚೀಟಿಯ ಮೂಲೆಯನ್ನು ಇನ್ನೊಮ್ಮೆ ಒತ್ತಿದಳು.

"ನೀನಾದ್ರೂ ಒಂದ್ಮಾತು ಹೇಳಬಾರ್ದಾ? ನೀರಿನ ಆಫೀಸಲ್ಲಿರೋಳು. ಬಸ್ಸಿನೋರು ಅದೇ ಕಟ್ಟಡದಲ್ಲೇ ತಾನೆ ಕೂತಿರೋದು?"

"ನೀರಿನ ಆಫೀಸಾ?"

"ಮತ್ತೆ? ನಿಮ್ಮಮ್ಮ ಊರಿಗೆಲ್ಲಾ ಅದನ್ನೇ ಹೇಳ್ಕೊಂಡು ತಿರುಗ್ತಿದ್ಲಲ್ಲ. ಮಗಳು ನಗರಸಭೇಲಿ, ನೀರಿನ ವಿಭಾಗದಲ್ಲಿ ದೊಡ್ಡ ಕೆಲ್ಸ, ಅಂತ."

ಝೋರಾ ನಗರಸಭೆಯ ಸಾರಿಗೆ ಯೋಜನೆಯ ಮುಖ್ಯಸ್ಥೆ. ಅಮ್ಮ ಯಾಕೆ ಹಾಗೆ ಹೇಳಿದ್ದಾಳೆಂದು ಅರ್ಥವಾಗಲು ಅವಳಿಗೆ ಒಂದು ಉಸಿರಿನಷ್ಟು ಹೊತ್ತು ಬೇಕಾಯಿತು. ಅರ್ಥವಾದ ಮೇಲೆ, ಅಲ್ಲ ಅಜ್ಜಿ, ಆ ಕಾಗದ ಬರೆದದ್ದು ನಾನೇ, ಎಂದು ಹೇಳಬೇಕಿತ್ತು. ಬಾಯಿಗೆ ಬಂದದ್ದು ಆಫೀಸಿನ ಮಾತು.

"ನೋಡೋಣ," ಎಂದಳು.

*

ಗಂಡ ಬಿಟ್ಟು ಹೋದ ಮೇಲೆ ಕಿನಾ ಮಗಳನ್ನು ಸಾಕಿದ್ದು ಒಂಬತ್ತನೇ ನಂಬರ್ ಬಸ್ಸಿನೊಳಗೆ. ಶಾಲೆ ಮುಗಿದರೆ ಹುಡುಗಿ ನೇರ ಬಸ್ಸಿಗೆ ಬರುತ್ತಿದ್ದಳು. ಚಾಲಕ ಸ್ಪಾಸ್‌ನ ಪಕ್ಕ, ಎಂಜಿನ್ ಪೆಟ್ಟಿಗೆಯ ಮೇಲೆ ಕಂಬಳಿ ಹಾಸಿ ಕೂರಿಸುತ್ತಿದ್ದರು. ಅಡಿಯಿಂದ ಬಿಸಿ ಬರುತ್ತಿತ್ತು, ಜೊತೆಗೆ ಡೀಸೆಲ್ ವಾಸನೆ. ಲೆಕ್ಕ, ಭೂಗೋಳ, ಜ್ವರ, ನಿದ್ದೆ ಎಲ್ಲವೂ ಅಲ್ಲೇ.

ಕಿನಾಗೆ ಒಂದೇ ಹುಚ್ಚು, ಬಸ್ಸು ಹೊತ್ತಿಗೆ ಸರಿಯಾಗಿ ಹೋಗಬೇಕು. ಮುದುಕರು ಬಾಗಿಲಲ್ಲಿ ನಿಂತು ಉಚಿತ ಪಾಸು ಹುಡುಕಲು ಚೀಲ ತೆಗೆದರೆ ಅವಳಿಗೆ ತಡೆಯಲಾಗುತ್ತಿರಲಿಲ್ಲ. "ಒಳಗೆ ನಡಿ ಮಾರಾಯ್ತಿ, ನಿನ್ನ ಮುಖವೇ ಪಾಸು. ಹಿಂದೆ ಜನ ನಿಂತಿದಾರೆ," ಎಂದು ಕೈಹಿಡಿದು ಮೇಲೆಳೆಯುತ್ತಿದ್ದಳು. ಬೆಟ್ಟದ ಮೇಲಿನ ನಮ್ಮ ಕೇರಿ ಗೋರ್ನಾ ಮಹಲಾದಲ್ಲಿ ಯಾರಿಗೆ ಎಷ್ಟು ವಯಸ್ಸು, ಯಾರ ಮಂಡಿ ಯಾವುದು, ಯಾರು ಯಾವ ವಾರ ಆಸ್ಪತ್ರೆಗೆ ಹೋಗಬೇಕು ಎಲ್ಲ ಅವಳಿಗೆ ಬಾಯಿಪಾಠ.

ಮೂವತ್ತೊಂದು ವರ್ಷದ ಮೇಲೆ ಅವಳು ನಿವೃತ್ತಳಾದಳು. ಕಂಡಕ್ಟರ್ ಹೋಗಿ ಯಂತ್ರ ಬಂತು. ಹತ್ತುವ ಪ್ರತಿಯೊಬ್ಬರೂ ಕಾರ್ಡ್ ಮುಟ್ಟಿಸಬೇಕು, ಉಚಿತದವರೂ. ಕಿನಾ ಆಗಲೂ ದಿನಾ ಅದೇ ಬಸ್ಸಿನಲ್ಲಿ ಸಂತೆಗೆ ಹೋಗುತ್ತಿದ್ದಳು, ಬಾಗಿಲ ಬಳಿಯೇ ನಿಲ್ಲುತ್ತಿದ್ದಳು. "ಬಿಡೇ, ನಿಂಗೆ ಹೇಗೂ ಉಚಿತ. ಆ ಡಬ್ಬದ ಕೆನ್ನೆ ಸವರ್ತಾ ನಿಂತ್ರೆ ಬಸ್ಸು ತಡ ಆಗತ್ತೆ." ಒಂದು ತಿಂಗಳಲ್ಲಿ ಬೆಟ್ಟದ ಮುದುಕರೆಲ್ಲ ಮುಟ್ಟಿಸುವುದನ್ನು ಬಿಟ್ಟರು.

*

ಇಗರ್ಜಿಯಲ್ಲಿ ಹನ್ನೊಂದು ಜನ ಇದ್ದರು. ಝೋರಾ ಎರಡು ಸಲ ಎಣಿಸಿದಳು. ಮೇಣದಬತ್ತಿ ಅರುವತ್ತು ತಂದಿದ್ದಳು.

"ಇನ್ನೂ ಬರ್ತಾರಾ ಸ್ಪಾಸ್ ಮಾವ?" ಎಂದು ಪಿಸುಗುಟ್ಟಿದಳು. ಮುದಿ ಚಾಲಕ ಟೋಪಿಯನ್ನು ಎರಡು ಕೈಯಲ್ಲೂ ತಿರುವುತ್ತಾ ನಿಂತಿದ್ದ.

"ಬರಲ್ಲ ಅನ್ಸತ್ತೆ."

"ಯಾಕೆ? ಅಮ್ಮಂಗೆ ಗೊತ್ತಿಲ್ದೋರು ಈ ಬೆಟ್ಟದಲ್ಲಿ ಯಾರಿದಾರೆ?"

ಝೋರಾ ಯಾವ ಆಫೀಸಿನಲ್ಲಿದ್ದಾಳೆಂದು ಸ್ಪಾಸ್ ಒಬ್ಬನಿಗೆ ಗೊತ್ತಿತ್ತು. ಕಣ್ಣು ತಪ್ಪಿಸಿ ಪಾದ್ರಿಯ ಕಡೆ ನೋಡಿದ. ಆದರೆ ವೆಲಿಚ್ಕಾ ಯಾರ ಕಣ್ಣನ್ನೂ ತಪ್ಪಿಸುವವಳಲ್ಲ. ಧೂಪ ಹಾಕಿ ಪಾದ್ರಿ ಒಳಗೆ ಹೋದದ್ದೇ ತಡ, ಹತ್ತಿರ ಸರಿದಳು.

"ನಿಂಗೆ ಗೊತ್ತಿಲ್ವೇನೇ? ನಿಮ್ಮಮ್ಮನ್ನ ಮಾತಾಡ್ಸೋದು ಬಿಟ್ಟು ನಾಕು ತಿಂಗ್ಳಾಯ್ತು. ನಾನು, ಈ ಬೀದಿ, ಆ ಬೀದಿ, ಎಲ್ರೂ."

"ಯಾಕೆ?"

"ಬಸ್ಸು ಹೋಯ್ತಲ್ಲ, ಅದಕ್ಕೇ. ಅಕ್ಟೋಬರ್‌ನಲ್ಲಿ ವಾಚನಾಲಯದಲ್ಲಿ ಸಭೆ ಸೇರಿದ್ವಿ. ನಗರಸಭೆ ಮೇಲೆ ಅರ್ಜಿ ಹಾಕೋಣ, ಮೇಯರ್‌ನ ಜುಟ್ಟು ಹಿಡಿಯೋಣ ಅಂತ. ಇವ್ಳು ಎದ್ದು ನಿಂತ್ಲು. ‘ನಗರಸಭೇದೇನೂ ತಪ್ಪಿಲ್ಲ, ತಪ್ಪು ನಂದೇ’ ಅಂದ್ಲು. ‘ಕಾರ್ಡ್ ಮುಟ್ಟಿಸಬೇಡಿ ಅಂತ ಹೇಳಿಕೊಟ್ಟೋಳು ನಾನೇ. ಯಂತ್ರದ ಪ್ರಕಾರ ಈ ಬೆಟ್ಟದ ಮೇಲೆ ಯಾರೂ ಇಲ್ಲ’ ಅಂದ್ಲು. ನಮಗೆ ರೇಗಿಹೋಯ್ತು. ಮೇಯರ್ ದೂರ ಇದಾನೆ, ಇವ್ಳು ಕೈಗೆ ಸಿಕ್ಕೋ ಹಾಗಿದ್ಲು. ಬೈದ್ವಿ."

ಝೋರಾ ಶವಪೆಟ್ಟಿಗೆಯ ಅಂಚು ಹಿಡಿದುಕೊಂಡಳು. ಆ ವಾಕ್ಯ ಅಮ್ಮನದಲ್ಲ. ಅಮ್ಮ ಹಾಗೆ ಮಾತಾಡುವವಳೇ ಅಲ್ಲ. ‘ಯಂತ್ರದ ಪ್ರಕಾರ’ ಎಂಬ ಮಾತನ್ನು ಅವಳು ಬೇರೆಯವರ ಬಾಯಿಂದ ಕೇಳಿ, ನೆನಪಿಟ್ಟುಕೊಂಡು, ಅಲ್ಲಿಗೆ ಹೊತ್ತು ತಂದಿದ್ದಳು.

*

ಸೆಪ್ಟೆಂಬರ್ ಕೊನೆಯ ವಾರ ಕಿನಾ ಮಗಳ ಆಫೀಸಿಗೆ ಬಂದಿದ್ದಳು. ಅದೇ ಮೊದಲು, ಅದೇ ಕೊನೆ. ಬಾಗಿಲಲ್ಲೇ ಕಾಲು ಒರೆಸಿಕೊಂಡು, ಕೈಚೀಲದಿಂದ ಉಪ್ಪಿನಕಾಯಿ ಜಾಡಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಬಿಳಿ ಅವರೆಕಾಳು.

ಹಳೆಯ ಕಂಡಕ್ಟರುಗಳ ಪದ್ಧತಿ ಅದು. ಒಬ್ಬ ಹತ್ತಿದರೆ ಬಲಜೇಬಿನ ಒಂದು ಕಾಳು ಎಡಜೇಬಿಗೆ. ಕೈ ಟಿಕೆಟ್ ಹರಿಯುತ್ತಿದ್ದರೂ ಬೆರಳು ಎಣಿಸುತ್ತಿರುತ್ತದೆ.

"ಬಸ್ಸು ನಿಲ್ಲೋಕೆ ಮುಂಚಿನ ಮೂರು ದಿವಸದ್ದು," ಎಂದಳು. "ಬೆಳಗ್ಗೆ ಮೊದಲ್ನೇ ಬಸ್ಸಿಂದ ಕೊನೇ ಬಸ್ಸಿನ ತಂಕ ಕೂತು ಎಣಿಸಿದೀನಿ. ಆರ್ನೂರ ನಲ್ವತ್ತು. ನಿಮ್ಮ ಯಂತ್ರ ಎಷ್ಟು ಅಂತು?"

ಯಂತ್ರ ದಿನಕ್ಕೆ ಹದಿನಾಲ್ಕು ಎಂದಿತ್ತು. ಝೋರಾ ಜಾಡಿ ನೋಡಿದಳು. ಗಾಜಿನ ಗೋಡೆಯ ಆಚೆ ಇಬ್ಬರು ಕಿರಿಯ ಎಂಜಿನಿಯರುಗಳು ನಗು ತಡೆದುಕೊಂಡದ್ದೂ ಕಂಡಿತು.

ಅವಳು ಕೆಟ್ಟ ಕೆಲಸವನ್ನೇನೂ ಮಾಡಿರಲಿಲ್ಲ. ಹತ್ತೊಂಬತ್ತು ಅಡ್ಡಾದಿಡ್ಡಿ ಮಾರ್ಗಗಳನ್ನು ಎಂಟಕ್ಕೆ ಇಳಿಸಿದ್ದಳು. ಮುಖ್ಯರಸ್ತೆಯಲ್ಲಿ ಹೊಗೆಯಿಲ್ಲದ ವಿದ್ಯುತ್ ಬಸ್ಸು ಏಳು ನಿಮಿಷಕ್ಕೊಂದು ಓಡುತ್ತಿತ್ತು. ಕಾರು ಮನೆಯಲ್ಲಿ ಬಿಟ್ಟು ಬರುವವರು ಹೆಚ್ಚಾಗಿದ್ದರು. ಮಾರುಕಟ್ಟೆಯ ಗೋಡೆಗಳು ಮೂವತ್ತು ವರ್ಷದಲ್ಲಿ ಮೊದಲ ಸಲ ಬಿಳಿಯಾಗಿಯೇ ಉಳಿದಿದ್ದವು. ಇಷ್ಟೆಲ್ಲದರ ನಡುವೆ ಒಂದು ಬೆಟ್ಟ ತಪ್ಪಿಹೋಗಿತ್ತು. ತಪ್ಪಿಹೋಗಿದೆಯೆಂದು ಜಾಡಿ ನೋಡಿದ ಕ್ಷಣವೇ ಅವಳಿಗೆ ಗೊತ್ತಾಯಿತು. ಎರಡು ಬಸ್ಸು ಮತ್ತೆ ಬೆಟ್ಟಕ್ಕೆ ಕಳಿಸಿದ್ದರೆ ಸಾಕಿತ್ತು. ಆದರೆ ಮುಂದಿನ ವಾರವೇ ಬೇರೆ ಬೇರೆ ಊರುಗಳಿಂದ ಜನ ಅವಳ ಯೋಜನೆ ನೋಡಲು ಬರುವವರಿದ್ದರು. ಎಣಿಕೆಯೇ ತಪ್ಪು ಎಂದು ಅವರ ಮುಂದೆ ಹೇಗೆ ಹೇಳುವುದು?

"ಅಮ್ಮಾ, ಅವರೆಕಾಳನ್ನ ಕಂಪ್ಯೂಟರಿಗೆ ಹಾಕಕ್ಕಾಗಲ್ಲ."

"ನೀನು ಹಾಕ್ಬೇಡ. ನೀನು ನೋಡು."

"ತಪ್ಪು ನಿಂದೇ ಅಮ್ಮ!" ಝೋರಾಳ ದನಿ ಏರಿತು. "ಕಾರ್ಡ್ ಮುಟ್ಟಿಸಬೇಡಿ ಅಂತ ಹೇಳಿಕೊಟ್ಟೋಳು ನೀನೇ ಅಲ್ವಾ? ನಾನೇನು ಮಾಡ್ಲಿ? ಯಂತ್ರದ ಪ್ರಕಾರ ನಿಮ್ಮ ಬೆಟ್ಟದ ಮೇಲೆ ಯಾರೂ ಇಲ್ಲ!"

ಕಿನಾ ಮಗಳ ಮುಖ ನೋಡಿದಳು. ಜಗಳವಾಡಲಿಲ್ಲ. ಹೌದಲ್ಲ ಎನ್ನುವ ಹಾಗೆ ನಿಧಾನ ತಲೆಯಾಡಿಸಿ, ಜಾಡಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಎದ್ದಳು. "ಊಟ ಹೊತ್ತಿಗೆ ಸರಿಯಾಗಿ ಮಾಡು," ಎಂದಷ್ಟೇ ಹೇಳಿ ಹೋದಳು. ಮೂರು ತಿಂಗಳಾದ ಮೇಲೆ ಮತ್ತೊಮ್ಮೆ ನೋಡೋಣ ಎಂದು ಝೋರಾ ತನಗೆ ತಾನೇ ಹೇಳಿಕೊಂಡಳು. ಮೂರಾಯಿತು, ನಾಲ್ಕಾಯಿತು. ನೋಡಲಿಲ್ಲ.

*

ಸ್ಮಶಾನ ಮಹಲಾದ ಕೊನೆಯಲ್ಲೇ ಇರುವುದರಿಂದ ಎಲ್ಲರೂ ನಡೆದೇ ಹೋದರು. ಪೆಟ್ಟಿಗೆ ಇಳಿಯಿತು, ಒಬ್ಬೊಬ್ಬರೂ ಹಿಡಿ ಮಣ್ಣು ಹಾಕಿದರು. ಮಣ್ಣು ಹೆಪ್ಪುಗಟ್ಟಿ ಕಲ್ಲಿನಂತೆ ಬೀಳುತ್ತಿತ್ತು. ಪಾದ್ರಿ ವೈನು ಸುರಿದ.

ಮಗಳು ಬೇಯಿಸಿದ ಗೋಧಿಯ ಬಟ್ಟಲು ಹಿಡಿದು ಸುತ್ತ ಬರಬೇಕು. ಸಕ್ಕರೆ, ಅಕ್ರೋಟು ಹಾಕಿದ ಗೋಧಿಯನ್ನು ಪ್ರತಿಯೊಬ್ಬರ ಅಂಗೈಗೂ ಒಂದೊಂದು ಚಮಚ ಇಡಬೇಕು. ಪಡೆದವರು ‘ದೇವರು ಅವಳನ್ನು ಕ್ಷಮಿಸಲಿ’ ಎನ್ನಬೇಕು. ಯಾರು ಸತ್ತರೂ ನಾವು ಹಾಗೆಯೇ ಅನ್ನುವುದು. ಆದರೆ ಅವತ್ತು ಒಂದೊಂದು ಬಾಯಿಂದ ಅದು ಬರುವಾಗಲೂ ಝೋರಾ ತಲೆ ತಗ್ಗಿಸಿ ಮುಂದಿನ ಅಂಗೈಗೆ ಸರಿದಳು. ಅವಳನ್ನು ಕ್ಷಮಿಸಲಿ. ಅವಳನ್ನು ಕ್ಷಮಿಸಲಿ. ಯಾವ ತಪ್ಪಿಗೆ?

ವೆಲಿಚ್ಕಾಳ ಸರದಿ ಬಂತು. ಅವಳು ಗೋಧಿ ಹಿಡಿದುಕೊಂಡು ಬಾಯಿಗೆ ಹಾಕಲಿಲ್ಲ.

"ದೇವ್ರು ಅವ್ಳನ್ನ ಕ್ಷಮಿಸ್ಲಿ," ಎಂದಳು. "ನಾನಂತೂ ಬದುಕಿದ್ದಾಗ ಕ್ಷಮಿಸ್ಲಿಲ್ಲ. ನಿಂಗೆ ಹೇಳೇಬಿಡ್ತೀನಿ ಕಣೇ, ಹೊಟ್ಟೇಲಿಟ್ಕೊಂಡು ಸಾಯಕ್ಕಾಗಲ್ಲ. ನಾವು ಮಾತು ಬಿಟ್ಟ ಮೇಲೆ ಅವ್ಳು ದಿನಾ ಬೆಳಗ್ಗೆ ಬಾಗ್ಲಿಗೆ ಬರೋಳು. ‘ಕೆಳಗೆ ಹೋಗ್ತಿದೀನಿ, ಔಷಧಿ ಚೀಟಿ ಕೊಡು, ಬ್ರೆಡ್ ಎಷ್ಟು’ ಅಂತ. ನಾನು ಮಾತಾಡ್ತಿರ್ಲಿಲ್ಲ, ಬಾಗ್ಲು ಸಂದಿಯಿಂದ ಚೀಟಿ ತೂರ್ತಿದ್ದೆ. ನನ್ನೊಬ್ಬಳ್ದಲ್ಲ, ಹತ್ತು ಮನೇದು. ದಿನಕ್ಕೆ ಎರಡು ಸಲ ಆ ಮೆಟ್ಲು ಇಳಿದು ಹತ್ತೋಳು. ಬಿದ್ದಳಲ್ಲ ಅವತ್ತು, ಮಂಜುಗಡ್ಡೆ ಮೇಲೆ... ಚೀಲದಲ್ಲಿದ್ದಿದ್ದು ನನ್ನ ರಕ್ತದೊತ್ತಡದ ಮಾತ್ರೆ. ಬೇಡ ಅಂತ ಒಂದು ದಿವಸಾನೂ ಅನ್ಲಿಲ್ಲ ನಾನು. ಅನುಭವಿಸ್ಲಿ, ಅವ್ಳೇ ತಾನೆ ಬಸ್ಸು ಕಳೆದಿದ್ದು ಅಂದ್ಕೊಂಡೆ."

ಸೊಂಟ ಮುರಿದು ಹತ್ತೊಂಬತ್ತು ದಿನ ಕಿನಾ ಆಸ್ಪತ್ರೆಯಲ್ಲಿದ್ದಳು. ದಿನವೂ ಬಂದ ಮಗಳಿಗೆ, ಸುಮ್ಮನೆ ಕಾಲು ಜಾರಿತು ಎಂದಿದ್ದಳು. ಬೇರೇನೂ ಹೇಳಿರಲಿಲ್ಲ. ಕೊನೆಗೆ ಎದೆಗೆ ಕಫ ಕಟ್ಟಿ ಹೋದಳು.

ವೆಲಿಚ್ಕಾ ಅಳುತ್ತಿದ್ದಳು. ಸುಮ್ಮನಿದ್ದುಬಿಡಬಹುದಿತ್ತು. ಅಮ್ಮನೇ ಆ ದಾರಿ ಮಾಡಿಕೊಟ್ಟಿದ್ದಳು, ನೀರಿನ ಆಫೀಸೆಂಬ ಗೋಡೆ ಕಟ್ಟಿ ಮಗಳನ್ನು ಅದರ ಹಿಂದೆ ಕೂರಿಸಿ ಹೋಗಿದ್ದಳು. ಝೋರಾ ಬಟ್ಟಲನ್ನು ಮಣ್ಣಿನ ಗುಡ್ಡೆಯ ಮೇಲೆ ಇಟ್ಟಳು.

"ಅಜ್ಜಿ, ಅಮ್ಮ ಬಸ್ಸು ಕಳೀಲಿಲ್ಲ. ನಾನು."

"ಏನಂದೆ?"

"ನಾನು ನೀರಿನ ಆಫೀಸಲ್ಲಿಲ್ಲ. ಬಸ್ಸಿನ ಆಫೀಸು ನಂದೇ. ನಕ್ಷೆ ಬರೆದಿದ್ದು ನಾನು. ಆ ಮುನ್ನೂರ ಎಂಬತ್ತು ಮೀಟರ್ ನಂದೇ. ನೀವೆಲ್ಲ ಇದೀರ ಅಂತ ಅಮ್ಮ ಎಣಿಸಿ ತಂದಿದ್ಲು. ನಾನು... ತಪ್ಪು ನಿಂದೇ ಅಂತ ಬೈದು ಕಳಿಸ್ದೆ. ಸಭೇಲಿ ಅವಳು ಹೇಳಿದ್ದು ನನ್ನ ಮಾತು. ನಂಗೆ ಗೊತ್ತಿತ್ತು, ಅಜ್ಜಿ. ಗೊತ್ತಿದ್ದೂ ಸುಮ್ನಿದ್ದೆ."

ಯಾರಾದರೂ ಬೈದಿದ್ದರೆ ಝೋರಾಗೆ ಸುಲಭವಾಗುತ್ತಿತ್ತು. ವೆಲಿಚ್ಕಾ ಅಂಗೈಯಲ್ಲಿದ್ದ ಗೋಧಿಯನ್ನು ನೋಡಿದಳು, ಗೋರಿಯನ್ನು ನೋಡಿದಳು, ಆಮೇಲೆ ಗೋಧಿಯನ್ನೆಲ್ಲ ಒಂದೇ ಸಲ ಬಾಯಿಗೆ ಹಾಕಿಕೊಂಡು ಅಗಿದಳು.

"ಅವ್ಳಿಗೆ ಕ್ಷಮೆ ಯಾಕೆ ಕೇಳಿದ್ವಿ ಹಾಗಾದ್ರೆ ನಾವು?" ಎಂದು ಸ್ಪಾಸ್‌ನನ್ನು ಕೇಳಿದಳು. ಝೋರಾಳನ್ನು ಕೇಳಲಿಲ್ಲ.

ತಿಥಿಯೂಟ ಕೆಳಗೆ ಡಿಪೋದ ಕ್ಯಾಂಟೀನಿನಲ್ಲಿತ್ತು. ಎಲ್ಲರನ್ನೂ ಇಳಿಸಲೆಂದು ಝೋರಾ ಒಂದು ವಿಶೇಷ ಬಸ್ಸು ತರಿಸಿದ್ದಳು. ಸ್ಮಶಾನದ ಗೇಟಿನ ಎದುರು ಅದು ಸದ್ದಿಲ್ಲದೆ ನಿಂತಿತ್ತು. ಹೊಚ್ಚಹೊಸ ವಿದ್ಯುತ್ ಬಸ್ಸು, ಒಳಗೆ ಬೆಚ್ಚಗೆ, ಮುದುಕರು ಹತ್ತಲೆಂದು ನೆಲದ ಮಟ್ಟಕ್ಕೇ ಬಗ್ಗುವ ಬಾಗಿಲು. ಚಾಲಕ ಪ್ಲಾಮೆನ್ ಅವರನ್ನು ನೋಡಿ ಬಾಗಿಲು ತೆರೆದ.

ವೆಲಿಚ್ಕಾ ಬಸ್ಸಿನ ಪಕ್ಕದಲ್ಲೇ ಹಾದುಹೋದಳು. ಅವಳ ಹಿಂದೆ ಉಳಿದವರೂ.

"ಅಕ್ಕಾ, ಇದೇ ಬಸ್ಸು!" ಪ್ಲಾಮೆನ್ ಕೂಗಿದ. "ಹತ್ತಿ, ಚಳಿ ಇದೆ."

"ಈ ಬೆಟ್ಟದ ಮೇಲೆ ಯಾರೂ ಇಲ್ವಂತೆ ಕಣಪ್ಪ," ಎಂದಳು ವೆಲಿಚ್ಕಾ. "ನೀನು ಖಾಲಿ ಹೋಗು."

ಸ್ಪಾಸ್ ಕೊನೆಯವನು. ಅವನು ಒಂದು ಗಳಿಗೆ ನಿಂತು, ಬಸ್ಸಿನ ಮೈಯನ್ನು ಅಂಗೈಯಿಂದ ಸವರಿದ. "ಒಳ್ಳೇ ಗಾಡಿ ಮಗಾ," ಎಂದು ಝೋರಾಗೆ ಹೇಳಿ, ಅವರ ಹಿಂದೆ ನಡೆದ.

"ಮೇಡಂ, ಏನ್ ಮಾಡ್ಲಿ?" ಪ್ಲಾಮೆನ್ ಕೇಳಿದ.

"ಹೋಗಿ."

"ನೀವು?"

ಅವಳು ಆಗಲೇ ನಡೆಯುತ್ತಿದ್ದಳು. ಬಸ್ಸು ದೀಪ ಹೊತ್ತಿಸಿಕೊಂಡು, ಖಾಲಿ ಸೀಟುಗಳನ್ನು ಹೊತ್ತು ತಿರುವಿನಲ್ಲಿ ಇಳಿಯಿತು. ಮೆಟ್ಟಿಲುಗಳ ನೆತ್ತಿಯಲ್ಲಿ ನಿಂತು ಝೋರಾ ಕೆಳಗೆ ನೋಡಿದಳು. ಚಿಕ್ಕಂದಿನಲ್ಲಿ ಇವುಗಳನ್ನು ಎರಡೆರಡಾಗಿ ಹಾರಿ ಇಳಿದಿದ್ದಳು. ನಕ್ಷೆಯ ಮೇಲೆ ಗೆರೆ ಎಳೆದಾಗ ನೆನಪಿದ್ದದ್ದು ಆ ಕಾಲುಗಳೇ. ಈಗ ಹನ್ನೊಂದು ಮುದುಕರು ಕಬ್ಬಿಣದ ಸರಳು ಹಿಡಿದು, ಅಡ್ಡಡ್ಡಲಾಗಿ, ಒಂದು ಕಾಲು ಇಟ್ಟು ಅದರ ಪಕ್ಕಕ್ಕೆ ಇನ್ನೊಂದನ್ನು ತಂದು ಇಡುತ್ತಾ ಇಳಿಯುತ್ತಿದ್ದರು. ಪ್ರತಿ ಮೆಟ್ಟಿಲಿಗೂ ಯಾರಾದರೊಬ್ಬರು ನರಳುತ್ತಿದ್ದರು. ಒಂದು ಕಡೆ ಎಲ್ಲರೂ ಸರಳು ಬಿಟ್ಟು ಗೋಡೆಯ ಬದಿಗೆ ಸರಿದು ದಾಟಿದರು. ಕಿನಾ ಬಿದ್ದ ಜಾಗ ಅದೇ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಇಳಿಯುವಾಗ ಎಲ್ಲರಿಗಿಂತ ಹಿಂದೆ ಬಿದ್ದ ವೆಲಿಚ್ಕಾ ಇಪ್ಪತ್ತೈದನೇ ಮೆಟ್ಟಿಲಿನಲ್ಲಿ ನಿಂತುಬಿಟ್ಟಳು. ಕೋಲು ಒಂದು ಕೈಯಲ್ಲಿತ್ತು, ಅಲ್ಲಿಂದ ಮುಂದೆ ಸರಳು ಮುರಿದಿತ್ತು. ಮುಂದಿದ್ದವರು ತಮ್ಮ ತಮ್ಮ ಕಾಲನ್ನೇ ನೋಡಿಕೊಂಡಿದ್ದರು. ಅವಳು ಹಿಂದೆ ತಿರುಗಲಿಲ್ಲ. ಬಲಗೈಯನ್ನು ಮಾತ್ರ ಹಿಂದಕ್ಕೆ, ಗಾಳಿಯಲ್ಲಿ ಚಾಚಿದಳು.

ಝೋರಾ ಓಡಿ ಇಳಿದು ಕೈಕೊಟ್ಟಳು. ಮುದುಕಿ ಅವಳ ಮುಖ ನೋಡಲಿಲ್ಲ. ಮಣಿಕಟ್ಟನ್ನು ಮಾತ್ರ ಹಿಡಿದುಕೊಂಡಳು, ಕೋಟಿನ ತೋಳಿನ ಒಳಗೆ ಉಗುರು ಇಳಿಯುವ ಹಾಗೆ, ತನ್ನ ಪೂರ್ತಿ ಭಾರ ಬಿಟ್ಟು.

"ಇನ್ನೂ ಎಂಬತ್ತೇಳಿದೆ," ಎಂದಳು. "ಇಳಿ."